ಅರ್ಧ ಕೇಜಿ ಮಣ್ಣು

ಮೂರು ಕಡೆ ಅಗೆಯಬಾರದು ಅಂತ ಮೊದಲ ದಿನವೇ ಹೇಳಿಕೊಟ್ಟರು:
ಮರದ ನೆರಳಲ್ಲಿ,
ಬದುವಿನ ಮಗ್ಗುಲಲ್ಲಿ,
ಗೊಬ್ಬರ ಬಿದ್ದ ತಾವಲ್ಲಿ.
ಅಲ್ಲಿ ಮಣ್ಣು ನಿಜ ಹೇಳುವುದಿಲ್ಲವಂತೆ.

ಹುಲಿಕಲ್ಲುದಿಣ್ಣೆ. ಶಿರಾ ಬಸ್ಸಿಳಿದು ಎರಡು ಮೈಲಿ ನಡಿಗೆ.
ಸರ್ವೆ ನಂಬರು ನಲವತ್ತೇಳು.
ಹೆಗಲಿಗೆ ಗುದ್ದಲಿ, ಬಗಲಿಗೆ ಬಟ್ಟೆಚೀಲ, ಜಡೆಯಲ್ಲಿ ಪೆನ್ನು.
ನಮೂನೆ ಕೇಳುತ್ತದೆ: ಈಗಿನ ಬೆಳೆ?
ಬಂದರಿಕೆ, ಲಂಟಾನ, ಮೊಳಕಾಲುದ್ದ ಹಂಚಿಹುಲ್ಲು,
ನಡುನಡುವೆ ಐದು ಹುಣಸೆಮರ.
ಬರೆದೆ: ಬೀಳು.

ಮಳೆ ಕೈಕೊಟ್ಟು ಬಿಟ್ಟದ್ದಲ್ಲ ಇದು. ಪಾಲಾಗಿ ಬಿಟ್ಟದ್ದು.
ಪಾತಲಿಂಗಪ್ಪನ ನಾಲ್ಕೆಕರೆ
ಸೀಳಿ, ಸೀಳಿದ್ದನ್ನೇ ಮತ್ತೆ ಸೀಳಿ ಹನ್ನೊಂದು ಪಟ್ಟಿ.
ಒಂದೊಂದರ ಅಗಲ ಒಂಬತ್ತು ಹೆಜ್ಜೆ.
ಟ್ರ್ಯಾಕ್ಟರು ತಿರುಗಿದರೆ ತಂಗಿಯ ಪಾಲು ತುಳಿಯುತ್ತದೆ,
ತಿರುಗದಿದ್ದರೆ ಉಳುಮೆಯೇ ಇಲ್ಲ.
ಮೊದಲೊಬ್ಬ ಬಿಟ್ಟ. ಅವನ ಕಳೆ ಪಕ್ಕದವಳಿಗೆ ಬಂತು.
ಅವಳೂ ಬಿಟ್ಟಳು. ಬದು ಯಾರದೆಂದು ಯಾರಿಗೂ ನೆನಪಿಲ್ಲ,
ಅದು ಒಡೆದ ರಾತ್ರಿ ಯಾರ ಮನೆಯಲ್ಲೂ ದೀಪ ಹತ್ತಲಿಲ್ಲ.
ಹುಣಸೆ ಮಾತ್ರ ಪಾಲಿಗೆ ಸಿಗಲಿಲ್ಲ.
ವರ್ಷಕ್ಕೊಮ್ಮೆ ಗುತ್ತಿಗೆಯವನು ಬಂದು ಬಡಿದು,
ಹನ್ನೊಂದು ಫೋನಿಗೆ ದುಡ್ಡು ಕಳಿಸುತ್ತಾನೆ.

ನಿಯಮದ ಪ್ರಕಾರ ಬಯಲಲ್ಲಿ, ಓರೆಕೋರೆಯಾಗಿ
ಎಂಟು ಗುಂಡಿ. ನಾಲ್ಕು ಬೆರಳು ಇಳಿಯುವುದರೊಳಗೆ
ಗುದ್ದಲಿ ಠಣ್ ಎಂದಿತು.
ಎಂಟರ ಮಣ್ಣೂ ಗೋಣಿಯ ಮೇಲೆ ಸುರಿದು, ಕಲಸಿ, ಹರಡಿ,
ಬೆರಳಲ್ಲಿ ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ.
ಎದುರುಬದುರು ಎರಡು ಪಾಲು ಚೆಲ್ಲು, ಎರಡು ಉಳಿಸಿಕೋ.
ಮತ್ತೆ ಕಲಸು. ಮತ್ತೆ ನಾಲ್ಕು ಮಾಡು.
ಅರ್ಧ ಕೇಜಿ ಉಳಿಯುವ ತನಕ.
ಈ ಹೊಲಕ್ಕೆ ಇದು ಹೊಸತಲ್ಲ.

ಚಿತ್ತಯ್ಯ ಕೋಲಿಗೆ ಗಲ್ಲ ಊರಿ ನೋಡುತ್ತಿದ್ದ,
ಹಿಂದೆ ಇನ್ನೂರು ಕುರಿ.
"ಆಗೆಲ್ಲ ಕರೆಯೋರು ಕಣವ್ವ, ಮೂರು ರಾತ್ರಿ ಮಂದೆ ನಿಲ್ಸಿದ್ರೆ
ಎರಡು ಕೊಳಗ ರಾಗಿ. ಈಗ ಯಾರೂ ಕರೆಯಾಕಿಲ್ಲ."
"ಮತ್ತೆ ಯಾಕೆ ನಿಲ್ಲಿಸ್ತೀಯ?"
"ಕುರಿಗೆ ಗೊತ್ತಾ, ಯಾರು ಕರೆದ್ರು ಅಂತ?
ಹುಣಸೆ ಕೆಳ್ಗೆ ಬೆಚ್ಗಿರ್ತದೆ, ಮಲಿಕ್ಕಂತವೆ."

ಅವನು ಅತ್ತ ಹೋದ ಮೇಲೆ
ಮರದ ಬುಡದಲ್ಲಿ ಕೂತು ಕೈಯಲ್ಲೇ ಕೆದಕಿದೆ.
ಹುಣಸೆ ಕೆಳಗೆ ಹುಲ್ಲೂ ಹುಟ್ಟದು ಅಂತ ನಮ್ಮವ್ವನ ಮಾತು.
ಹುಲ್ಲು ಇರಲಿಲ್ಲ, ನಿಜ.
ಹಳೆ ಎಲೆ, ಹಿಕ್ಕೆ, ಒಂದು ಎರೆಹುಳು,
ಹಿಡಿದರೆ ಉಂಡೆಯಾಗುವ, ಬಿಟ್ಟರೆ ಉದುರುವ ಕಪ್ಪು.
ಒಂದು ಮುಷ್ಟಿ ದುಪಟ್ಟಾದ ತುದಿಗೆ ಕಟ್ಟಿಕೊಂಡೆ.
ಒಡೆದ ಬದುವಿನ ಹತ್ತಿರವೂ ಹೋದೆ.
ಅಲ್ಲಿ ಕಟ್ಟಿಕೊಳ್ಳಲು ಏನೂ ಇರಲಿಲ್ಲ:
ಬೆಣಚುಕಲ್ಲು, ಆಳೆತ್ತರದ ಕೊರಕಲು,
ಮಿಕ್ಕದ್ದು ಕೆರೆಯ ಹೂಳಿನಲ್ಲಿ.

ಲ್ಯಾಬಿನ ನೌಷೀನ್ ಬೈದುಕೊಂಡೇ ಎರಡನ್ನೂ ನೋಡಿದಳು.
ಚೀಲದ್ದು, ಇಂಗಾಲ: ಸೊನ್ನೆ ಬಿಂದು ಎರಡು ಒಂದು.
ದುಪಟ್ಟಾದ್ದು: ಸೊನ್ನೆ ಬಿಂದು ಎಂಟು ಮೂರು.
"ಎಲ್ಲಿಂದ ತಂದೆ? ಇದನ್ನ ಬರೆಯೋಕಾಗಲ್ಲ."
ಬರೆಯಲಿಲ್ಲ.

ಚೀಟಿ ಬಂತು. ಹನ್ನೊಂದು ಪ್ರತಿ.
"ಕಡಿಮೆ. ಎಕರೆಗೆ ನಾಲ್ಕು ಟನ್ ಕೊಟ್ಟಿಗೆ ಗೊಬ್ಬರ ಹಾಕಿ."
ಊರಲ್ಲಿ ಉಳಿದ ಕೊಟ್ಟಿಗೆ ಎಣಿಸಿದೆ, ಬೆರಳು ಮಿಕ್ಕವು.
ಆರು ಫೋನು ಎತ್ತಲಿಲ್ಲ,
ನಾಲ್ವರು ವಾಟ್ಸಾಪ್ ಮಾಡಿ ಅಂದರು,
ಒಬ್ಬಾಕೆ ಕೇಳಿದಳು: ಇದರಿಂದ ಸೈಟಿಗೆ ರೇಟು ಬರುತ್ತಾ?

ಒಂದು ಚೀಟಿ ಚಿತ್ತಯ್ಯನ ಕೈಗೆ ಕೊಟ್ಟೆ.
ತಲೆಕೆಳಗಾಗಿ ಹಿಡಿದು ತುಂಬಾ ಹೊತ್ತು ನೋಡಿದ.
"ಇದ್ರಾಗೆ ನಮ್ ಮಂದೆ ಎಲ್ಲೈತೆ?"
ಇಲ್ಲ, ಅಂದೆ. ಇದು ಬಯಲಿನದು ಮಾತ್ರ. ಅಲ್ಲಿ ಕಡಿಮೆ ಅಂತೆ.

ಮುಂದಿನ ವಾರ ಆ ದಾರಿಯಲ್ಲೇ ಬಂದೆ.
ಮಂದೆ ಮರ ಬಿಟ್ಟು ಹೊರಗೆ ಬಂದಿತ್ತು,
ನಾನು ಅಗೆದ ಎಂಟು ಗುಂಡಿಯ ಸುತ್ತ,
ಚಳಿಗೆ ಒಂದಕ್ಕೊಂದು ಒತ್ತಿಕೊಂಡು.
ಚಿತ್ತಯ್ಯ ಮುಖ ಎತ್ತಲಿಲ್ಲ.

"ಅಗೆದ ಮ್ಯಾಲೆ ಮುಚ್ಚಬೇಕು ಕಣವ್ವ,
ಒಂದು ಮರಿ ಕಾಲು ಮುರ್ಕಂಡೈತೆ."